ರೌಟರಿಗೊಂದು ಪಾದ

ಕಂಪನಿ ಕೊಟ್ಟ ಪಾದ ಕರಿದು, ಅಂಗೈಯಷ್ಟು ಅಗಲ.
ಬಿಟ್ ಎಲ್ಲಿ ಕಚ್ಚುತ್ತದೆ, ಕಾಣುವುದಿಲ್ಲ.
ಅಂಚಿಗೆ ಬಂದರೆ ಅರ್ಧ ಪಾದ ಗಾಳಿಯಲ್ಲಿ;
ಹೋದ ವಾರ ಕುಡಿದವನ ಹಾಗೆ ವಾಲಿ
ತೇಗದ ಬಾಗಿಲಲ್ಲೊಂದು ಹಳ್ಳ ತೋಡಿತು.
ಹೊಟ್ಟಿಗೆ ಫೆವಿಕಾಲ್ ಕಲಸಿ ತುಂಬಿದೆ.
ಮನೆಯವರಿಗೆ ಹೇಳಲಿಲ್ಲ.
ಹೇಳಲಿಲ್ಲವೆಂದು ಇಲ್ಲಿ ಹೇಳುತ್ತಿದ್ದೇನೆ.

ಅಗಲ ಬೇಕು, ಆಚೆ ಕಾಣಬೇಕು.
ಗಂಜ್ ಕಡೆಯ ಬೋರ್ಡಿನಂಗಡಿಯಲ್ಲಿ
ಅಕ್ರಿಲಿಕ್ ಹಾಳೆಯ ರೇಟು ಕೇಳಿ ಚಾಂದಪಾಷಾ ನಕ್ಕ:
"ಉಸ್ತಾದ, ಇಷ್ಟಕ್ಕ ಇನ್ನೊಂದು ಮಷಿನೇ ಬರ್ತದ."

ಸೂಗುರೇಶನ ಔಷಧಿ ಅಂಗಡಿಯ ಹಿಂದೆ
ಸಲೈನ್ ಡಬ್ಬಿಗಳ ಸಂದಿಯಲ್ಲಿ ನಿಂತಿತ್ತು
ಆ ಎರಡು ವರ್ಷ ಕೌಂಟರಿನ ಮೇಲಿದ್ದ ಹಾಳೆ.
ಹೆದರಿಕೆಗೆ ತಕ್ಕ ದಪ್ಪ: ಆರು ಎಂಎಂ.
ಕೆಳಗೊಂದು ಅರ್ಧಚಂದ್ರದ ಕಿಂಡಿ,
ಒಳಗೆ ಚೀಟಿ, ಹೊರಗೆ ಗುಳಿಗೆ,
ಒಳಗೆ ನೋಟು, ಹೊರಗೆ ಚಿಲ್ಲರೆ.
ಕಿಂಡಿಯ ಮೇಲೆ, "ಏನಂದ್ರಿ? ಜೋರಾಗಿ ಅನ್ರಿ" ಎಂದು
ಆಚೆಯವರೂ ಈಚೆಯವರೂ
ನಾಣ್ಯದಿಂದ ಬಡಿದ ಗೀರುಗಳು.
"ಒಯ್ರಿ," ಅಂದ. "ಅದನ್ನ ನೋಡಿದ್ರ
ಇನ್ನೂ ಸ್ಯಾನಿಟೈಜರ್ ವಾಸನಿ ಬಡೀತದ."
ಬದಲಿಗೆ ಒಂದು ಸ್ಟೂಲು ಕೇಳಿದ.
ಒಪ್ಪಿದೆ.

ಹಳೆ ಪಾದ ಬಿಚ್ಚಿ, ಎರಡೂ ಕಡೆ ಅಂಟುವ ಟೇಪಿನಿಂದ
ಹಾಳೆಯ ಮೇಲೆ ಕೂರಿಸಿ ಗುರುತು ಹಾಕಿದೆ.
ಮೂರು ತಿರುಪಿಗೆ ಮೂರು ತೂತು,
ಒಂದು ನೂಲಿನಷ್ಟು ತಪ್ಪಿದರೂ ಮೂರೂ ಸುಳ್ಳು.
ಇದು ಮರವಲ್ಲ. ಮರ ಬೈಸಿಕೊಂಡು ಸುಮ್ಮನಿರುತ್ತದೆ.
ಇದು ಅವಸರಕ್ಕೆ ಕರಗುತ್ತದೆ, ಒತ್ತಿದರೆ ಸಿಡಿಯುತ್ತದೆ.
ಗರಗಸ ಮುಂದೆ ಹೋದಂತೆ ಹಿಂದಿನ ಸೀಳು
ತನ್ನಷ್ಟಕ್ಕೇ ಬೆಸೆದುಕೊಂಡು
ಕೊಯ್ದದ್ದೇ ಇಲ್ಲವೆಂಬಂತೆ ಕೂತಿತು.
ರಾಯಚೂರಿನ ಮೇ ತಿಂಗಳು, ತಗಡಿನ ಶೆಡ್ಡು;
ನಾನೇ ಕರಗುವಾಗ ಅದಕ್ಕೇನು ಹೇಳಲಿ?
ಚಾಂದಪಾಷಾ ಪಕ್ಕದಲ್ಲಿ ಕೂತು ಸೋಪಿನ ನೀರು ಹನಿಸಿದ,
ಜ್ವರದ ಕೂಸಿಗೆ ಚಮಚದಲ್ಲಿ ಬಿಡುವ ಹಾಗೆ.

ಮೊದಲನೆಯದು ಮೂರನೇ ತಿರುಪಿಗೆ ಬಿರಿಯಿತು.
ಟಕ್.
ಕೊನೆಯ ಅರ್ಧ ಸುತ್ತು ಬೇಕಿರಲೇ ಇಲ್ಲ.
ಬೇಕಿಲ್ಲದ ಅರ್ಧ ಸುತ್ತು
ನನ್ನ ಕೈಯ ಹಳೆಯ ಚಾಳಿ, ಮಾತಿನಲ್ಲೂ.

ಉಳಿದದ್ದು ಕಿಂಡಿಯ ಕಡೆಯ ತುಂಡು ಮಾತ್ರ.
ಅಳೆದೆ, ತಿರುಗಿಸಿ ಅಳೆದೆ, ಚಹಾ ಕುಡಿದು ಅಳೆದೆ.
ಅರ್ಧಚಂದ್ರ ಬಿಟ್ಟು ಆಕಾರ ಕೂಡಲೊಲ್ಲದು.
ಇರಲಿ ಬಿಡು, ಎಂದೆ.

ನಡುವಿನ ತೂತು ಅಳತೆಯ ಕೆಲಸವಲ್ಲ.
ಪಾದವನ್ನು ರೌಟರಿಗೆ ಕಟ್ಟಿ
ಬಿಟ್ಟನ್ನೇ ಮೆಲ್ಲಗೆ ಇಳಿಸಿದೆ.
ಬಿಳಿ ಸುರುಳಿ ಎದ್ದು ಹುಬ್ಬಿಗೆ ಅಂಟಿತು.
ಎಲ್ಲಿ ಕಣ್ಣು ಬೇಕೋ ಅಲ್ಲೇ
ತಾನೇ ತೆರೆದುಕೊಂಡಿತು.

ಆಮೇಲೆ ಅಂಚು. ನಾನೂರರ ಕಾಗದ, ಎಂಟುನೂರು, ಸಾವಿರ,
ನೀರು ಚಿಮುಕಿಸಿ ಸುತ್ತಲೂ ಉಜ್ಜುತ್ತ ಬಂದು
ಅರ್ಧಚಂದ್ರದ ಬಳಿ ಹೆಬ್ಬೆರಳು ನಿಂತಿತು.
ಅಲ್ಲಿ ಉಜ್ಜುವುದೇನೂ ಇರಲಿಲ್ಲ.
ಎರಡು ವರ್ಷ ಎಷ್ಟು ಮುಂಗೈ ಹೋಗಿ ಬಂದವೋ,
ಯಾವ ಕಾಗದಕ್ಕೂ ಬಾರದ ನುಣುಪು.
ನನ್ನದೂ ಒಂದು:
ಅವ್ವನ ಚೀಟಿ ಹಿಡಿದು ರಾತ್ರಿ ಹನ್ನೊಂದಕ್ಕೆ
ಮೊಣಕೈವರೆಗೂ ತೂರಿದ್ದೆ,
ಸೂಗುರೇಶ ಇಲ್ಲವೆಂದು ತಲೆಯಾಡಿಸಿದ ಮೇಲೂ
ಹಿಂದೆ ತೆಗೆದಿರಲಿಲ್ಲ.

ಈಗ ಪೆನ್ಸಿಲ್ ಗೆರೆ ಕಾಣುತ್ತದೆ.
ಬಿಟ್ ಕಚ್ಚುವುದು ಕಾಣುತ್ತದೆ.
ತೇಗದ ಪುಡಿ ಗೀರುಗಳಲ್ಲಿ ಕೂತು
ನಾಣ್ಯದ ಬಡಿತಗಳೂ ಕಾಣುತ್ತವೆ.
ಬಾಗಿಲ ಅಂಚಿನಲ್ಲಿ ಮಷಿನು ವಾಲುವುದಿಲ್ಲ.

ಸ್ಟೂಲು ಇನ್ನೂ ಬಾಕಿ.
ಸೂಗುರೇಶ ದಿನಾ ಬಾಗಿಲಲ್ಲಿ ನಿಂತು ಕೇಳುತ್ತಾನೆ.
ನಾನು ರೌಟರ್ ಚಾಲೂ ಮಾಡಿ, ಕಿವಿಗೆ ಕೈ ಹಚ್ಚಿ,
"ಏನಂದ್ರಿ? ಜೋರಾಗಿ ಅನ್ರಿ."